ಸಿಂಹವಿಲ್ಲದ ಕ್ರೀಮು

ಮದುವೆಯಾದಾಗಿನಿಂದ ಹೆಂಡತಿಯೆದುರು ಒಂದು ವಾದವನ್ನೂ ಗೆಲ್ಲದ ಗಡಿಯಾರ ರಿಪೇರಿಯವರಿಗೆ ಆ ಭಾನುವಾರ ಗೆಲ್ಲುವ ಯೋಗ ಕೂಡಿಬಂತು. ಕನ್ನಡಿಯ ಮುಂದೆ ಎರಡು ಮಾಯಿಶ್ಚರೈಸರ್ ಡಬ್ಬಿಗಳಿದ್ದವು. ಒಂದು, ಹೆಂಡತಿ ಮೊದಲಿನಿಂದ ಹಚ್ಚುತ್ತಿದ್ದ ಗುಲಾಬಿ ಪರಿಮಳದ್ದು. ಇನ್ನೊಂದು, ಅವಳ ಅಕ್ಕನ ಮಾತು ಕೇಳಿ ಮೊನ್ನೆ ತಂದ ಬಂಗಾರದ ಮುಚ್ಚಳದ್ದು. (ಅಕ್ಕನ ಮಾತೆಂದರೆ ಆ ಮನೆಯಲ್ಲಿ ವೇದವಾಕ್ಯ.) ಅವರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಡಬ್ಬಿಗಳ ಹಿಂದಿದ್ದ ಇರುವೆಗಾತ್ರದ ಅಕ್ಷರಗಳನ್ನು ಓದತೊಡಗಿದರು. ಓದುತ್ತ ಓದುತ್ತ ಅವರ ಮೈ ಜುಮ್ಮೆಂದಿತು.

“ಲೇ, ಬಾ ಇಲ್ಲಿ. ಎರಡರಲ್ಲೂ ಮೊದಲು ಇರೋದು ನೀರು ಕಣೇ.”

“ನೀರಲ್ದೆ ಬೆಂಕಿ ಇರುತ್ತಾ?” ಹೆಂಡತಿ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

“ಕೇಳು. ಯಾವುದು ಜಾಸ್ತಿ ಇರುತ್ತೋ ಅದನ್ನ ಮೊದಲು ಬರೀತಾರೆ. ನೀರು, ಆಮೇಲೆ ಗ್ಲಿಸರಿನ್, ಅದು ನೀರನ್ನ ಹಿಡಿದಿಟ್ಕೊಳ್ಳುತ್ತೆ. ಎಣ್ಣೆ ಚರ್ಮನ ನುಣುಪು ಮಾಡುತ್ತೆ. ಪೆಟ್ರೋಲಿಯಂ ಜೆಲ್ಲಿ ಮೇಲೆ ಕೂತು ನೀರು ಆರದ ಹಾಗೆ ಕಾಯುತ್ತೆ. ಎರಡರಲ್ಲೂ ಇವೇ. ನಿಮ್ಮಕ್ಕ ಹೊಗಳಿದ ಮುತ್ತಿನ ಪುಡಿ ಎಲ್ಲಿದೆ ಗೊತ್ತಾ? ಸುವಾಸನೆಗಿಂತ ಕೆಳಗೆ. ಮುತ್ತು ಆ ಕಡೆಯಿಂದ ಹಾದುಹೋಗಿರಬೇಕು, ಅಷ್ಟೆ.”

ಬಾಗಿಲ ಬಳಿ ಬಟಾಣಿ ಸುಲಿಯುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕರು. ಅಳಿಯಂದಿರಿಗೆ ಹುರುಪು ನೆತ್ತಿಗೇರಿತು. ಎದ್ದು ನಿಂತು ರಾಜಾಜ್ಞೆ ಹೊರಡಿಸಿದರು: “ಇನ್ಮೇಲೆ ಈ ಮನೇಲಿ ಒಂದೇ ಕಾನೂನು. ಮೇಲಿನ ಸಾಲು ಒಂದೇ ಆಗಿದ್ರೆ ಡಬ್ಬಿನೂ ಒಂದೇ ಸಾಕು. ಬಣ್ಣ, ಮುಚ್ಚಳ ಯಾವುದೂ ಲೆಕ್ಕಕ್ಕಿಲ್ಲ.”

“ಆಯ್ತು. ಬಂಗಾರದ್ದನ್ನ ಅಕ್ಕನಿಗೇ ಕೊಟ್ಬಿಡ್ತೀನಿ” ಎಂದಳು ಹೆಂಡತಿ.

ಗೆದ್ದೇಬಿಟ್ಟರು. ಇಷ್ಟು ವರ್ಷ ಕಾದ ಗೆಲುವು ಇಷ್ಟು ಸಲೀಸಾಗಿ ಕೈಗೆ ಸಿಕ್ಕಿದ್ದಕ್ಕೆ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಕಾನೂನು ಎಲ್ಲರಿಗೂ ತಾನೆ?” ಹೆಂಡತಿ ಕೇಳಿದಳು.

“ಎಲ್ಲರಿಗೂ” ಎಂದರು, ಹಿಂದುಮುಂದು ನೋಡದೆ.

ಅವಳು ಒಳಗೆ ಹೋಗಿ ಅವರ ಅಂಗಡಿ ಚೀಲದ ತಳದಿಂದ ಒಂದು ಕಪ್ಪು ಬಾಟಲಿ ತಂದಳು. ಅದರ ಮೇಲೆ ಘರ್ಜಿಸುವ ಸಿಂಹ, ಕೆಳಗೆ ‘ಗಂಡಸರಿಗೆ ಮಾತ್ರ’.

“ಅದು… ಗಡಿಯಾರಕ್ಕೆ ಹಾಕೋ ಎಣ್ಣೆ.”

“ಗಡಿಯಾರಕ್ಕೂ ಮುಖ ಒಣಗುತ್ತಾ ಅಳಿಯಂದ್ರೇ?” ಎಂದರು ಅತ್ತೆ, ಬಟಾಣಿಯಿಂದ ಕಣ್ಣೆತ್ತದೆ.

ಹೆಂಡತಿ ಅವರ ಕಣ್ಣಿನಿಂದಲೇ ಭೂತಗನ್ನಡಿ ಕಿತ್ತುಕೊಂಡು ಓದಿದಳು. “ನೀರು. ಗ್ಲಿಸರಿನ್. ಎಣ್ಣೆ. ಜೆಲ್ಲಿ. ಸಿಂಹ ಎಲ್ಲೂ ಇಲ್ಲ ಕಣ್ರೀ. ಇದನ್ನ ನನ್ನ ತಮ್ಮನಿಗೆ ಕೊಡ್ತೀನಿ.”

ಮೇಲ್ಮನವಿಗೆ ಅವಕಾಶವಿರಲಿಲ್ಲ, ಕಾನೂನು ಮಾಡಿದವರು ಅವರೇ.

ಮರುದಿನ ಬೆಳಿಗ್ಗೆ ಗಿರಿಜಾಮೀಸೆಯ ಲಾರಿ ಡ್ರೈವರ್ ಒಬ್ಬ ನಿಂತ ವಾಚು ಹಿಡಿದು ಅಂಗಡಿಯೊಳಗೆ ಕಾಲಿಟ್ಟ. ಗುಲಾಬಿಯ ಘಮಕ್ಕೆ ಮೂಗರಳಿಸಿ ಒಮ್ಮೆ ಉಸಿರೆಳೆದುಕೊಂಡವನು ಥಟ್ಟನೆ ತಲೆ ತಗ್ಗಿಸಿ ಹಿಂದೆ ಸರಿದ.

“ಕ್ಷಮಿಸಿ ಸಾರ್. ಒಳಗೆ ಅಮ್ಮಾವ್ರು ಇದ್ದಾರೆ ಅಂತ ಗೊತ್ತಾಗ್ಲಿಲ್ಲ. ಆಮೇಲೆ ಬರ್ತೀನಿ.”

ಅಂಗಡಿಯಲ್ಲಿದ್ದವರು ಗಡಿಯಾರ ರಿಪೇರಿಯವರೊಬ್ಬರೇ.