ಫ್ರಿಸ್ಕೋದ ಸೊಟ್ಟ ಗೋಡೆ

೧. ತೊಲೆ

ಅಮೆರಿಕದ ಫ್ರಿಸ್ಕೋದಲ್ಲಿ ಪಬ್ ಕಟ್ಟಿಸುತ್ತಿದ್ದ ಇಂಗ್ಲೆಂಡಿನ ಯಜಮಾನ ಮೊದಲ ದಿನವೇ ನನಗೊಂದು ಹಳೇ ಫೋಟೋ ಕೊಟ್ಟ. ಅವರ ಊರಿನಲ್ಲಿ ಅವನಪ್ಪ ನಡೆಸುತ್ತಿದ್ದ ಪಬ್ಬಿನದು. ನಾನೂರು ವರ್ಷ ಹಳೆಯದು. ಇವನು ಹುಟ್ಟಿದ್ದೇ ಅದರ ಮಹಡಿಯಲ್ಲಿ.

"ಹೀಗೇ ಬೇಕು. ಓಪನಿಂಗಿಗೆ ನಮ್ಮಮ್ಮ ಬರ್ತಾಳೆ. ನೋಡಿದ ತಕ್ಷಣ ಇದು ನಮ್ಮದೇ ಅನ್ನಬೇಕು."

ಫೋಟೋದಲ್ಲಿ ತೊಲೆ ಬಾಗಿತ್ತು. ಕಿಟಕಿ ಓರೆ. ಪಕ್ಕದ ಗೋಡೆ ನಾಲ್ಕಿಂಚು ಹೊರಕ್ಕೆ ವಾಲಿತ್ತು. ನಾನು ಮೂವತ್ತೈದು ವರ್ಷದಿಂದ ಇಂಜಿನಿಯರ್. ನೆಟ್ಟಗೆ ಕಟ್ಟಿಸುವುದೊಂದೇ ಗೊತ್ತು.

ಒಳ್ಳೆಯ ಓಕ್ ತೊಲೆ ತರಿಸಿದೆ. ಯಜಮಾನ ಮುಖ ಸಿಂಡರಿಸಿದ. ತೀರಾ ಹೊಸದಂತೆ. ಹಳೇದಾಗಿ ಕಾಣಲಿ ಅಂತ ಇಬ್ಬರು ಆಳುಗಳು ಎರಡು ದಿನ ಅದಕ್ಕೆ ಸರಪಳಿಯಲ್ಲಿ ಬಾರಿಸಿದರು. ಮೂರನೇ ದಿನ ಮರದ ವ್ಯಾಪಾರಿಯ ಫೋನ್.

"ತೊಲೆ ಡ್ಯಾಮೇಜ್ ಇಲ್ಲದೆ ತಲುಪಿತಾ?"

"ತಲುಪಿತ್ತು" ಅಂದೆ.

೨. ಬಾಗಿಲು

ಯಜಮಾನನಿಗೆ ಫೋಟೋದಲ್ಲಿದ್ದಂತೆ ಐದೂವರೆ ಅಡಿ ಬಾಗಿಲೇ ಬೇಕು. ಸಿಟಿ ಇನ್‌ಸ್ಪೆಕ್ಟರ್ ಒಪ್ಪಲಿಲ್ಲ. ಅವನೇ ಆರೂಕಾಲು ಅಡಿ, ಮೇಲೆ ಹ್ಯಾಟು.

"ಗಿರಾಕಿ ತಲೆ ಒಡ್ಕೊಂಡ್ರೆ?"

"ನಮ್ಮೂರಲ್ಲಿ ನಾನೂರು ವರ್ಷದಿಂದ ಒಡ್ಕೋತಿದಾರೆ. ಒಬ್ಬನೂ ಕಂಪ್ಲೇಂಟ್ ಮಾಡಿಲ್ಲ."

"ಕುಡಿದಿರ್ತಾರೆ" ಅಂದ ಇನ್‌ಸ್ಪೆಕ್ಟರ್.

ಏಳಡಿ ಬಾಗಿಲು ಇಟ್ಟೆವು. ಯಜಮಾನ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ನೆಮ್ಮದಿಯ ವಾರ.

೩. ಗೋಡೆ

ಒಳಗಿನ ಉಕ್ಕಿನ ಕಂಬ ನೆಟ್ಟಗೆ. ಹೊರಗಿನ ಇಟ್ಟಿಗೆ ಮಾತ್ರ ನಾಲ್ಕಿಂಚು ವಾಲಬೇಕು. ಡ್ರಾಯಿಂಗಿನಲ್ಲಿ ಬರೆದು ಸಹಿ ಹಾಕಿದ್ದೆ. ಮೇಸ್ತ್ರಿ ಮೆಕ್ಸಿಕೋದ ಮುದುಕ. ಆಗಲಿ ಎಂದು ತಲೆಯಾಡಿಸಿದ್ದ.

ಇನ್‌ಸ್ಪೆಕ್ಟರ್ ಬಂದು ತನ್ನ ಫೋನನ್ನೇ ಗೋಡೆಗೆ ಒತ್ತಿ ಅಳೆದ.

"ಫೇಲ್."

"ಯಾಕೆ?"

"ನೆಟ್ಟಗಿದೆ. ಡ್ರಾಯಿಂಗಿನಲ್ಲಿ ಸೊಟ್ಟ."

ಮೇಸ್ತ್ರಿಯನ್ನು ಕೇಳಿದೆ. ಅವನು ನೆಲ ನೋಡಿದ. "ಮೊದಲ ಸಾಲು ಓರೆಯಾಗೇ ಇಟ್ಟೆ ಬಾಸ್. ಆಮೇಲೆ ಕೈ ಕೇಳಲಿಲ್ಲ."

ಕೆಡವಿಸಿದೆ. ಎರಡನೇ ಸಲ ಕಟ್ಟುವ ಮುಂಚೆ, ಗೋಡೆ ನೆಟ್ಟಗಿದೆಯಾ ಎಂದು ನೋಡುವ ಅವನ ರಸಮಟ್ಟ ಕಿತ್ತುಕೊಂಡು ನನ್ನ ಕಾರಿನ ಡಿಕ್ಕಿಯಲ್ಲಿಟ್ಟೆ. ಈ ಸಲ ಗೋಡೆ ಸರಿಯಾಗಿ ಸೊಟ್ಟಗೆ ಬಂತು. ಪಾಸು.

೪. ಪ್ಯಾಟಿಯೊ

ಪಕ್ಕದ ಊರು ಅಲೆನ್‌ನ ಸಾಫ್ಟ್‌ವೇರ್ ಹುಡುಗನೊಬ್ಬ, ಮೈಸೂರಿನವನು, ಹಿತ್ತಿಲಲ್ಲಿ ಕೂರಲು ಕಲ್ಲುಹಾಸಿನ ಪ್ಯಾಟಿಯೊ ಕಟ್ಟಿಸಿಕೊಡಿ ಎಂದು ನನ್ನ ಹಿಂದೆ ಬಿದ್ದಿದ್ದ. ಒಂದು ಭಾನುವಾರ ಹೆಂಡತಿ ಸಮೇತ ಪಬ್ಬಿಗೆ ಬಂದು ನನ್ನ ಕೆಲಸ ನೋಡಿ ಹೋದ. ಸೋಮವಾರ ಫೋನ್.

"ಅಂಕಲ್, ಪ್ಯಾಟಿಯೊ ಈ ವರ್ಷ ಬೇಡ ಅನ್ನಿಸ್ತಿದೆ. ನೀವೂ ಸ್ವಲ್ಪ ರೆಸ್ಟ್ ತಗೊಳ್ಳಿ ಅಂಕಲ್."

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಕೇಳಿದಳು, "ಆ ಪಬ್ಬಿಗೆ ದೃಷ್ಟಿಗೊಂಬೆ ಕಟ್ಟಿಸಿದೀರಾ?"

"ಇಲ್ಲ."

"ಬೇಡ ಬಿಡಿ. ಆ ಗೋಡೆನೇ ಸಾಕು."

೫. ಅಮ್ಮ

ಓಪನಿಂಗಿನ ದಿನ ಯಜಮಾನ ಬೆಳಗ್ಗೆಯಿಂದ ಬೆವರುತ್ತಿದ್ದ. ಅಮ್ಮ ಕೋಲೂರಿಕೊಂಡು ಬಂದರು. ಐದಡಿಯೂ ಇಲ್ಲ. ಆದರೂ ಆ ಏಳಡಿ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬಂದರು. ತೊಲೆ ಸವರಿದರು. ಕಣ್ಣು ಒರೆಸಿಕೊಂಡರು.

"ನಮ್ಮದೇ" ಅಂದರು.

ಯಜಮಾನ ನನ್ನ ಕೈ ಹಿಡಿದುಕೊಂಡ. ಆಮೇಲೆ ಅಮ್ಮನನ್ನು ಪಕ್ಕದ ಗೋಡೆ ತೋರಿಸಲು ಕರೆದೊಯ್ದ. ನಾನೂ ಮೇಸ್ತ್ರಿಯೂ ಹಿಂದೆ ಹೋದೆವು. ಅಮ್ಮ ಗೋಡೆಗೆ ಕೋಲು ತಟ್ಟಿ ನೋಡಿದರು.

"ಇದ್ಯಾಕೆ ಹೀಗೆ ಕಟ್ಟಿಸಿದೆ? ಊರಲ್ಲಿ ಬಿಯರ್ ಲಾರಿ ಗುದ್ದಿ ವಾಲಿತ್ತು ಅಷ್ಟೆ. ನೀನು ಅಮೆರಿಕಕ್ಕೆ ಹೋದ ವರ್ಷವೇ ನಿಮ್ಮಪ್ಪ ನೆಟ್ಟಗೆ ಮಾಡಿಸಿದರಲ್ಲ."

ಯಜಮಾನ ನನ್ನನ್ನು ನೋಡಿದ. ನಾನು ಮೇಸ್ತ್ರಿಯ ಕಡೆ ತಿರುಗಿದೆ.

ಅವನು ಆಗಲೇ ತನ್ನ ರಸಮಟ್ಟಕ್ಕೆ ಕೈ ಚಾಚಿ ನನ್ನ ಕಾರಿನ ಡಿಕ್ಕಿ ಹತ್ತಿರ ನಿಂತಿದ್ದ.