ಮಾದಮ್ಮಜ್ಜಿಯ ಸೋಮವಾರದ ಸಜ್ಜಿಗೆ

ಹೆದರಿದ ಮನುಷ್ಯನಿಗೆ ಮಿಕ್ಕಿದ್ದೆಲ್ಲ ಮರೆತರೂ ಗಂಟೆ ಮಾತ್ರ ಮರೆಯುವುದಿಲ್ಲ. ನನ್ನ ನೆಮ್ಮದಿ ಕೆಟ್ಟದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಗುಂಡ್ಲುಪೇಟೆಯ ವರ್ತಕರೊಬ್ಬರು ದಿಕ್ಕಿಲ್ಲದ ಮುದುಕರಿಗಾಗಿ ಕಟ್ಟಿಸಿದ ಆಶ್ರಮಕ್ಕೆ ನಾನು ಮೇಲ್ವಿಚಾರಕ. ಬಿ.ಎ. ಓದಿದವನ ಗತ್ತಿನಲ್ಲಿ ಸ್ಟೂಲು ಹತ್ತಿ ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದೆ. ಜಗಲಿಯಿಂದ ಎದ್ದ ಹರದನಹಳ್ಳಿಯ ಮಾದಮ್ಮಜ್ಜಿ ಹಾಗೆಯೇ ಕುಸಿದಳು. ಓಡಿಹೋಗಿ ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರು ಇತ್ತೋ ಇಲ್ಲವೋ, ನನ್ನ ಬೆರಳಿಗೆ ತಿಳಿಯಲಿಲ್ಲ.

ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಚಾಮರಾಜನಗರಕ್ಕೆ ಹೋದೆವು. ಅಲ್ಲಿನ ಡಾಕ್ಟರು ಪರದೇಶದಲ್ಲಿ ಓದಿ ಬಂದವರು. ತಿಂಗಳುಗಟ್ಟಲೆ ಭೇದಿಯಾಗಿ ಅಜ್ಜಿ ಕಡ್ಡಿಯಾಗಿದ್ದಾಗ, ಇದು ಸೀಲಿಯಾಕ್ ಎಂಬ ಕಾಯಿಲೆ, ಗೋಧಿಯ ಅಂಟು ಈಕೆಯ ಕರುಳಿಗೆ ಆಗದು ಎಂದು ಹೇಳಿದವರೂ ಅವರೇ. ಈಗ ಮತ್ತೆ ಗೋಧಿ ಹೊಟ್ಟೆಗೆ ಹೋಗಿದೆ ಎಂದರು. ಇನ್ನೊಂದು ಸಲ ಹೀಗಾದರೆ ಇಷ್ಟು ದೂರ ಕರೆತರುವ ಶ್ರಮ ಬೇಡ ಎಂದೂ ಸೇರಿಸಿದರು.

ಆ ಮಾತು ನನ್ನ ತಲೆಯಲ್ಲಿ ಮನೆ ಮಾಡಿತು. ರಾಗಿಯ ಸೀಮೆಯಲ್ಲಿ ಗೋಧಿ ಬಿಡಿಸುವುದೇನು ಮಹಾ ಎಂದುಕೊಂಡಿದ್ದವನು ನಾನು. ರೇಷನ್ನಿನ ಗೋಧಿಯನ್ನು ಆಗಲೇ ಹೊರಗೆ ಹಾಕಿದ್ದೆ. ಹಿಟ್ಟಿನ ಮಿಷನ್ನಿನಲ್ಲಿ ಗೋಧಿ ಬೀಸಿದ ಮೇಲೆ ನಮ್ಮ ರಾಗಿ ಬೀಸಿದರೆ ಗತಿಯೇನೆಂದು, ಅಜ್ಜಿಯ ಹಿಟ್ಟಿಗೆ ಬೀಸುವ ಕಲ್ಲನ್ನೇ ಹಾಕಿಸಿದ್ದೆ. ಇಂಗಿಗೂ ಗೋಧಿ ಹಿಟ್ಟು ಬೆರೆಸುತ್ತಾರೆಂದು ಕೇಳಿ ಈಗ ಇಂಗಿನ ಡಬ್ಬಿಯನ್ನೂ ಮೂಸತೊಡಗಿದೆ. ಉಪ್ಪಿಟ್ಟೆಂದರೆ ಪ್ರಾಣ ಬಿಡುವ ನಾನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕದ್ದು ತಿಂದು, ಕೊಲೆ ಮಾಡಿದವನಂತೆ ಮೊಣಕೈವರೆಗೂ ಕೈ ತೊಳೆದು ಒಳಗೆ ಬರುತ್ತಿದ್ದೆ. ಅಡಿಗೆಯ ನಂಜಪ್ಪನ ಸೌಟಿನ ಹಿಂದೆಯೇ ತಿರುಗುತ್ತಿದ್ದರಿಂದ ಅವನು ಒಂದು ದಿನ ಸೌಟನ್ನು ನನ್ನ ಕೈಗೇ ಕೊಟ್ಟುಬಿಟ್ಟ. "ನೀವೇ ಮುದ್ದೆ ತೊಳಸಿ ಸಾರ್, ನಾನು ನಿಮ್ಮಂಗೆ ಹಿಂದೆ ನಿಂತ್ಕತೀನಿ" ಎಂದ. ಆ ಹೊತ್ತಿನ ಮುದ್ದೆ ಮುರಿಯಲು ಮುದುಕರೆಲ್ಲ ಪಟ್ಟ ಪಾಡನ್ನು ಇಲ್ಲಿ ವರ್ಣಿಸುವುದಿಲ್ಲ. ರಾತ್ರಿಗಳ ಕಥೆ ಇನ್ನೊಂದು. ಹೊಟ್ಟೆ ಹಿಡಿದುಕೊಂಡು ಅಜ್ಜಿ ಏಳುವಳು. ಏಳದಿದ್ದರೆ ಉಸಿರು ನೋಡಲು ನಾನು ಏಳುವೆ.

ಮತ್ತೆ ಸೋಮವಾರ ಬಂತು. ಪಕ್ಕದ ಶಿವನ ಗುಡಿಯ ಅಯ್ನೋರು ಎಂದಿನಂತೆ ದೊನ್ನೆ ಹಿಡಿದು ಬಂದರು. ಅಜ್ಜಿ ಸೆರಗು ಹೊದ್ದು, ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದಳು. ನೋಡಿದರೆ ಸಜ್ಜಿಗೆ! ತುಪ್ಪ ಸುರಿಯುವ ಗೋಧಿ ರವೆಯ ಸಜ್ಜಿಗೆ. ಕೈ ಹಿಡಿದುಕೊಂಡೆ. ಪ್ರತಿ ವಾರ ತಿನ್ನುತ್ತಿದ್ದೆಯಾ ಎಂದು ಕೇಳಿದರೆ ಅವಳಿಗೇ ಆಶ್ಚರ್ಯ.

"ನೀ ಬ್ಯಾಡ ಅಂದದ್ದ ನಾ ಒಂದ್ ಚೂರೂ ತಿಂದಿಲ್ಲ ಕಣ ಮಗ. ಇದು ಪ್ರಸಾದ. ಪ್ರಸಾದವ ಯಾರಾರ ತಿಂಡಿ ಅಂದಾರಾ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಕರುಳಿನ ವಿಷಯವನ್ನು ನನಗೆ ತಿಳಿದಷ್ಟು ವಿವರಿಸಿದೆ. ಸಾವಧಾನವಾಗಿ ಕೇಳಿ, ಶಿವ ಕೊಟ್ಟದ್ದನ್ನು ಬೇಡ ಅಂದು ಬದುಕಿ ಏನು ಮಾಡಲಿ ಎಂದಳು. ಅಯ್ನೋರ ಕಡೆಗೆ ತಿರುಗಿ, ದೇವರಿಗೆ ಸಜ್ಜಿಗೆಯೇ ಆಗಬೇಕೇ ಎಂದು ಹೆಚ್ಚುಕಡಿಮೆ ಅತ್ತೆ.

ಅವರು ಮೆಲ್ಲಗೆ ಹೇಳಿದರು: "ರವೆನೇ ಬೇಕು ಅಂತ ಶಿವ ಏಳಿಲ್ಲ ಕಣಪ್ಪ. ಈ ಆಶ್ರಮ ಕಟ್ಟಿಸಿದ ಯಜಮಾನ್ರು ಏಳವ್ರೆ. ಅವ್ರ ಹರಕೆ."

ಶಿವನನ್ನು ಒಪ್ಪಿಸುವುದೇ ಸುಲಭವಿತ್ತೇನೋ. ಯಜಮಾನರ ಅಂಗಡಿಗೆ ಹೋಗಿ, ನಿಮ್ಮ ಹರಕೆ ನಿಮ್ಮ ಆಶ್ರಮದ ಮುದುಕಿಯನ್ನೇ ತಿನ್ನುತ್ತಿದೆ ಎನ್ನಲು ನಾಲಿಗೆ ಬರದೆ ಮೂರು ಸಲ ಬರಿದೇ ಬೆಲ್ಲದ ಬೆಲೆ ಕೇಳಿದೆ. ಕೊನೆಗೆ ಹೇಗೋ ಹೇಳಿದೆ. ಅವರ ಮುಖ ಇಳಿದುಹೋಯಿತು. ಮುಂದಿನ ಸೋಮವಾರದಿಂದ ಅಕ್ಕಿ ತರಿಯ ಸಜ್ಜಿಗೆ ನೈವೇದ್ಯವಾಯಿತು. ಅಜ್ಜಿ ಬಾಯಾಡಿಸಿ, "ತುಪ್ಪ ಒಸಿ ಕಮ್ಮಿ" ಎಂದಳು, ಅಷ್ಟೇ.

ಕೆಲವು ವಾರಗಳಲ್ಲಿ ಅಜ್ಜಿಯ ಕೆನ್ನೆ ತುಂಬಿತು. ನನ್ನದು ಮಾತ್ರ ಒಳಗೇ ಹೋಗಿತ್ತು. ಆಮೇಲೆ ಒಂದು ಗುರುವಾರ ರಾತ್ರಿ ಅಜ್ಜಿ ಏಳಲಿಲ್ಲ, ನಾನೂ ಏಳಲಿಲ್ಲ. ಬೆಳಿಗ್ಗೆ ಮೂಗಿನ ಕೆಳಗೆ ಏನೋ ಕಚಗುಳಿಯಾಗಿ ಕಣ್ಣು ಬಿಟ್ಟರೆ ಬಿಸಿಲು ಏರಿತ್ತು. ಮಾದಮ್ಮಜ್ಜಿ ನನ್ನ ಮೂಗಿಗೆ ಬೆರಳು ಹಿಡಿದು ಬಗ್ಗಿದ್ದಳು. ಹಿಂದೆ ನಂಜಪ್ಪನೂ ಆಶ್ರಮದ ಮುದುಕರೆಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು.

"ಅದೆ, ಅದೆ. ಇನ್ನೂ ಅದೆ ಕಣ್ರಪ್ಪ," ಎಂದಳು ಅಜ್ಜಿ. "ಓಗಿ, ಮುದ್ದೆಗೆ ಎಸರಿಡಿ."