ಮೇಷ್ಟ್ರ ಗ್ರಾಫಲ್ಲಿ ನಮ್ಮ ಬೀದಿ ನೀರು

ನಮ್ಮ ಬೀದೀಲಿ ವಾರಕ್ಕೊಂದ್ಸಲನಾದ್ರೂ ನನ್ನ ಎದೆ ಧಸಕ್ ಅನ್ನೋ ಹಂಗೆ ಏನಾದ್ರೂ ಆಗ್ತಾನೇ ಇರುತ್ತೆ. ಎದುರುಮನೆ ಮೇಷ್ಟ್ರು ಕಂಪ್ಯೂಟರ್ ಕಲಿತ ಮೇಲಂತೂ ಕೇಳೋದೇ ಬೇಡ.

ಅಲ್ಲಾಳಸಂದ್ರ ಕೆರೆ ಪಕ್ಕದ ಬೀದಿ ನಮ್ದು. ಹದಿನಾಲ್ಕು ಮನೆ, ಒಂದೇ ಬೋರ್‌ವೆಲ್. ಈ ಬೇಸಿಗೇಲಿ ನೀರು ಕಮ್ಮಿಯಾಗಿದ್ದೇ ತಡ, ಸಂಘದ ಸೆಕ್ರೆಟರಿ ಫರ್ಮಾನು ಹೊರಡಿಸಿದ. "ಯಾರ ಮನೇಲಿ ಎಲ್ಲಾರ್‌ಗಿಂತ ಜಾಸ್ತಿ ನೀರು ಖರ್ಚಾಗೈತೋ, ಅವರ ವಾಲ್ವು ದಿನ ಬಿಟ್ಟು ದಿನ ಬಂದ್. ಇನ್ನ ಇಂಗೆ ಬಿಟ್ರೆ ಆಗಾಕಿಲ್ಲ."

ನಮ್ಮನೇಲಿ ನೋಡಿದ್ರೆ, ಮಗಳು ಬಾಣಂತನಕ್ಕೆ ಬಂದು ಹದಿನೈದು ದಿನ. ತಾಯಿಗೆ ದಿನಾ ಎರಡು ಹಂಡೆ ಬಿಸಿನೀರು, ಕೂಸಿಗೆ ಬೇರೆ. ಇನ್ನು ಆ ಬಟ್ಟೆಗಳೋ, ದೇವರೇ! ದಿನ ಬಿಟ್ಟು ದಿನ ನೀರು ಅಂದ್ರೆ ಬಾಣಂತೀನ ಕೆರೆಗೆ ಕರ್ಕೊಂಡ್ ಹೋಗ್ಲಾ?

ಲೆಕ್ಕ ಹಾಕೋ ಕೆಲ್ಸ ಮೇಷ್ಟ್ರು ವಹಿಸ್ಕೊಂಡ್ರು. ರಿಟೈರಾದ ಗಣಿತದ ಮೇಷ್ಟ್ರು, ಮಕ್ಕಳಿಗೆ ಸೊನ್ನೆ ಹಾಕೋದ್ರಲ್ಲಿ ಯಲಹಂಕಕ್ಕೆಲ್ಲ ಹೆಸರುವಾಸಿ. ಈಗ ಪೈಥಾನ್ ಅಂತ ಏನೋ ಕಂಪ್ಯೂಟರ್ ಭಾಷೆ ಕಲ್ತಿದ್ದಾರೆ. ಅದ್ರಲ್ಲಿ ಗ್ರಾಫ್ ಬರೆಯೋ ಲೈಬ್ರರಿ ಇದ್ಯಂತೆ. ಲೈಬ್ರರಿ ಅಂದ್ರೆ ಪುಸ್ತಕದ್ದಲ್ಲ, ಯಾರೋ ಮಾಡಿಟ್ಟಿರೋದನ್ನ ನಾವು ತಗೊಂಡು ಬಳಸೋದು. ಒಗ್ಗರಣೆ ಒಂದು ನಾವು ಹಾಕ್ಕೊಂಡ್ರೆ ಆಯ್ತು ಅನ್ಸುತ್ತೆ.

ಮನೆಮನೆ ಮೀಟರ್ ನೋಡಿ ಬರ್ಕೊಂಡ್ ಬರೋಕೆ ನನ್ನನ್ನ ಕಳಿಸಿದ್ರು. ಆರನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋಳು ನಾನು, ಆದ್ರೂ ಯಾಕೆ ನಾನೇ? ಹದಿನಾಲ್ಕು ಮನೆ ಅಡುಗೆಮನೆವರೆಗೂ ಹೋಗೋ ಹಕ್ಕಿರೋದು ಈ ಬೀದೀಲಿ ನಂಗೊಬ್ಬಳಿಗೇ. ಮೇಷ್ಟ್ರು ಮಾತ್ರ "ನಮ್ಮನೇದು ನಾನೇ ಬರ್ಕೋತೀನಿ ಬಿಡಮ್ಮ" ಅಂದ್ರು. ಆಗ್ಲೇ ನಂಗೆ ಅನುಮಾನ ಬರ್ಬೇಕಿತ್ತು.

ಬಿಳಿ ಹಾಳೆ

ಮೊದಲ್ನೇ ಭಾನುವಾರ ಮೇಷ್ಟ್ರ ಮನೆ ಹಾಲ್‌ನಲ್ಲಿ ಮೀಟಿಂಗು. ಗ್ರಾಫು ಪ್ರಿಂಟಾಗಿದೆ ಅಂತ ಸೆಕ್ರೆಟರಿ ಎಲ್ಲಾರ ಕೈಗೂ ಒಂದೊಂದು ಹಾಳೆ ಹಂಚಿದ. ನಾನು ಹಾಳೆ ಹಿಂದೆಮುಂದೆ ತಿರುಗಿಸ್ದೆ. ಬಿಳಿ. ಕಣ್ಣಿಗೇನೋ ಆಯ್ತು ಅಂತ ಗಾಬರಿಯಾಗಿ ಪಕ್ಕದೋಳ ಹಾಳೆ ಇಣುಕಿದ್ರೆ ಅದೂ ಬಿಳಿ. ಹದಿನಾಲ್ಕೂ ಬಿಳಿ!

"ಸ್ಕ್ರೀನಲ್ಲಿ ಚೆನ್ನಾಗೇ ಬಂದಿತ್ತಲ್ಲ!" ಅಂತ ಮೇಷ್ಟ್ರು ಬೆವರು ಒರೆಸ್ಕೊಂಡ್ರು. ಅರ್ಧ ಗಂಟೆ ಕೀಲಿಮಣೆ ಕುಟ್ಟಿದ ಮೇಲೆ ಗೊತ್ತಾಯ್ತು. ಅವರು ಗ್ರಾಫನ್ನ ಮೊದ್ಲು ಸ್ಕ್ರೀನಿಗೆ ತೋರ್ಸಿ, ಆಮೇಲೆ ಸೇವ್ ಮಾಡೋಕೆ ಹೇಳಿದ್ರಂತೆ. ತೋರ್ಸಿ ಮುಗಿದ ಮೇಲೆ ಅದು ಖಾಲಿ ಆಗೋಗುತ್ತಂತೆ. ಮೊದ್ಲು ಸೇವ್ ಮಾಡ್ಬೇಕು, ಆಮೇಲೆ ತೋರಿಸ್ಬೇಕು.

"ಹೋಳಿಗೆ ತಿಂದಾದ್ಮೇಲೆ ತಟ್ಟೆ ಫೋಟೋ ತೆಗ್ದಂಗಾಯ್ತು" ಅಂದೆ ನಾನು.

ಸೆಕ್ರೆಟರಿ ಮಾತ್ರ ಹಾಳೇನ ಇನ್ನೂ ಕಣ್ಣಿಗೆ ಹಿಡ್ಕೊಂಡೇ ಇದ್ದ. ಮುಖ ಬಿಳಿಚ್ಕೊಂಡಿತ್ತು. "ಮೇಷ್ಟ್ರೇ, ಬೋರು ಪೂರ್ತಿ ಒಣಗೋಗೈತಾ?"

ಡಬ್ಬಗಳು

ಮಾರನೇ ದಿನ ಮೇಷ್ಟ್ರು ಹೊಸ ಗ್ರಾಫನ್ನ ಬೀದಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು. ಈಗ ಕಂಬಗಳೇನೋ ಬಂದಿವೆ, ಆದ್ರೆ ಕೆಳಗೆ ಮನೆಗಳ ಹೆಸರಿರ್ಬೇಕಾದ ಕಡೆ ಬರೀ ಚೌಕ ಚೌಕ ಡಬ್ಬ. ಒಂದು ಮನೆ ಕೆಳಗೆ ಮೂರು, ಇನ್ನೊಂದರ ಕೆಳಗೆ ಐದು. ನಾನು ನೋಟ್‌ಬುಕ್ಕಲ್ಲಿ "ಮೂಲೆಮನೆ", "ಹಸಿರು ಗೇಟಿನ ಮನೆ" ಅಂತ ಕನ್ನಡದಲ್ಲೇ ಬರ್ದಿದ್ದೆ. ಕಂಪ್ಯೂಟರಿಗೆ ಕನ್ನಡದ ಫಾಂಟ್ ಯಾವ್ದು ಅಂತ ಮೇಷ್ಟ್ರು ಹೇಳಿರ್ಲಿಲ್ಲ. ಅದು ಗೊತ್ತಿಲ್ಲದ ಅಕ್ಷರಕ್ಕೆಲ್ಲ ಡಬ್ಬ ಹಾಕಿ ಕೈ ತೊಳ್ಕೊಂಡಿದೆ.

ಇದು ನಮಗೆ ಗೊತ್ತಾಗಿದ್ದು ಮಧ್ಯಾಹ್ನ. ಅಷ್ಟ್ರೊಳಗೆ ಬೀದೀಲಿ ಗಲಾಟೆ. ಓಡ್ಹೋಗಿ ನೋಡ್ತೀನಿ, ಹಸಿರು ಗೇಟಿನ ಮನೆಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ನಿಂತಿದ್ದಾಳೆ. ಅವಳ ಟೆರೇಸ್ ಮೇಲೆ ಸೆಕ್ರೆಟರಿ!

"ಏನ್ರೀ ಇದು, ಹೇಳ್ದೆ ಕೇಳ್ದೆ ಮೇಲೆ ಹತ್ತಿದ್ದೀರಾ?"

"ಸುಮ್ನಿರಕ್ಕಾ," ಅಂತ ಅವನು ಮೇಲಿಂದ್ಲೇ ಕೂಗಿದ. "ಗ್ರಾಫಲ್ಲಿ ನಿಮ್ಮನೆ ಕೆಳಗೆ ಎಂಟು ಡ್ರಮ್ಮು ತೋರ್ಸೈತೆ. ಇಲ್ಲಿ ಬರೀ ಎರಡೈತೆ. ಮಿಕ್ಕಿದ್ದು ಎಲ್ಲಿ ಬಚ್ಚಿಟ್ಟಿದ್ದೀರಾ?"

ನಾಯಿ

ಫಾಂಟ್ ಸರಿಯಾಯ್ತು, ಹೆಸರುಗಳು ಬಂದ್ವು. ಎರಡ್ನೇ ಭಾನುವಾರ ಮೇಷ್ಟ್ರು ಗ್ರಾಫನ್ನ ಟಿವಿಗೆ ಹಾಕಿದ್ರು. ನಾನು ಎಡಗಡೆ ಅಂಕಿಗಳನ್ನ ಕೆಳಗಿಂದ ಓದ್ಕೊಂಡ್ ಹೋದೆ. ನೂರಾ ಹದಿನಾಲ್ಕು, ಅದ್ರ ಮೇಲೆ ನೂರಾ ಹದಿನೆಂಟು, ಅದ್ರ ಮೇಲೆ ನೂರಾ ಹನ್ನೊಂದು. ಆರನೇ ಕ್ಲಾಸಿನೋಳಿಗೂ ಗೊತ್ತಾಗುತ್ತೆ ಇದು ತಪ್ಪು ಅಂತ. ಅದ್ರ ಮೇಲೆ ಇನ್ನೊಂದು ಇತ್ತು. ಅಂಕಿಯಲ್ಲ. "ನಾಯಿ ಬಿಟ್ಟಿದ್ರು."

ಬಾಯಿ ಮೇಲೆ ಕೈಯಿಟ್ಕೊಂಡೆ. ಅದು ನನ್ನ ಬರವಣಿಗೆ! ಮೂಲೆಮನೇಲಿ ನಾಯಿ ಕಟ್ಟಿರ್ಲಿಲ್ಲ, ಮೀಟರ್ ಹತ್ರ ಹೋಗೋಕಾಗ್ದೆ ಹಂಗೇ ಬರ್ದಿದ್ದೆ.

ಮೇಷ್ಟ್ರು ಕ್ಲಾಸಲ್ಲಿ ಬೈದಂಗೆ ಬೈದ್ರು. "ಅಂಕಿ ಬರೆಯೋ ಜಾಗದಲ್ಲಿ ನಾಯಿ ಅಂತ ಬರೀತಾರೇನಮ್ಮಾ? ಒಂದು ಕಡೆ ಅಕ್ಷರ ಇದ್ರೆ ಅದು ಎಲ್ಲಾನೂ ಅಕ್ಷರ ಅಂದ್ಕೊಂಡು, ಬಂದ ಸಾಲಲ್ಲೇ ಜೋಡಿಸ್ಬಿಡುತ್ತೆ."

"ನಾಯಿ ಕಚ್ಚಿದ್ರೆ ನಿಮ್ಮ ಪೈಥಾನ್ ಬಂದು ಇಂಜೆಕ್ಷನ್ ಹಾಕ್ಸುತ್ತಾ ಮೇಷ್ಟ್ರೇ?"

ಮೂಲೆಮನೆ ಅಜ್ಜಿ ಟಿವಿ ಹತ್ರ ಹೋಗಿ ತನ್ನ ಕಂಬಾನ ಬೆರಳಲ್ಲಿ ಅಳೆದ್ಲು. "ನಮ್ಮನೆ ನೀರು ನಾಯಿವರೆಗೂ ಹೋಗಿದ್ಯಂತಾ? ಸುಳ್ಳು ಕಣೇ. ಅದಕ್ಕೆ ಸ್ನಾನ ಮಾಡ್ಸಿ ಆರು ತಿಂಗ್ಳಾಯ್ತು."

ಪೆಟ್ಟಿಗೆ

ನಾಯಿ ಕಟ್ಟಿಸಿ, ಮೂಲೆಮನೆ ಮೀಟರ್ ಓದ್ಕೊಂಡ್ ಬಂದು ಕೊಟ್ಟೆ. ಮೂರ್ನೇ ಭಾನುವಾರ. ಇವತ್ತು ಯಾರದ್ದೋ ವಾಲ್ವಿಗೆ ಗ್ರಹಚಾರ ಅಂತ ಎಲ್ಲಾರೂ ಉಸಿರು ಬಿಗಿಹಿಡ್ಕೊಂಡು ಕೂತಿದ್ರು. ಟಿವೀಲಿ ಗ್ರಾಫು ಬಂತು.

ನನ್ನ ಜೀವ ಬಾಯಿಗೆ ಬಂತು ನೋಡಿ! ಎಲ್ಲಾರ ಮನೆ ಕಂಬ ಮೊಳಕಾಲುದ್ದ, ನಮ್ದು ಮಾತ್ರ ಮೊಬೈಲ್ ಟವರ್. ನಮ್ದು ನೂರಾ ಹದಿನೆಂಟು, ಪಕ್ಕದೋರದ್ದು ನೂರಾ ಹದಿನಾಲ್ಕು. ನಾನೇ ಬರ್ದಿದ್ದು. ನೋಟ್‌ಬುಕ್ಕಲ್ಲಿ ಇಷ್ಟುದ್ದ ಇರ್ಲಿಲ್ವಲ್ಲ!

"ಅಕ್ಕಾ, ನಾಳೆಯಿಂದ ನಿಮ್ಮ ವಾಲ್ವು..." ಅಂತ ಸೆಕ್ರೆಟರಿ ಶುರು ಮಾಡ್ದ.

"ಮನೇಲಿ ಬಾಣಂತಿ ಇದ್ದಾಳೆ ಕಣಪ್ಪಾ! ಮೇಷ್ಟ್ರೇ, ನೀವಾದ್ರೂ ಹೇಳ್ರೀ. ನಾಲ್ಕೇ ನಾಲ್ಕು ಜಾಸ್ತಿ ಅಲ್ವಾ?"

ಮೇಷ್ಟ್ರು ಕನ್ನಡಕ ಮೇಲೇರಿಸಿದ್ರು. "ನಾನೇನ್ ಮಾಡ್ಲಮ್ಮಾ. ಗ್ರಾಫಿಗೆ ಬಾಣಂತಿ, ಮುತ್ತೈದೆ ಎಲ್ಲಾ ಒಂದೇ."

ಕಣ್ಣಲ್ಲಿ ನೀರು ಬಂತು ನಂಗೆ. ಆದ್ರೆ ಅಳ್ತಾ ಅಳ್ತಾನೂ ನನ್ನ ಕಣ್ಣು ಸುಮ್ನಿರಲ್ಲ. ಟಿವಿ ಬಲಮೂಲೇಲಿ, "ನೀಲಿ ಬಣ್ಣ: ನೀರು" ಅಂತ ಬರ್ದಿದ್ದ ಒಂದು ಬಿಳೀ ಪೆಟ್ಟಿಗೆ. ಕೊನೇ ಮನೆ ಕಂಬ ಅದ್ರ ಹಿಂದಕ್ಕೆ ಹೋಗಿ ತಲೆ ಮರೆಸ್ಕೊಂಡಿದೆ.

"ಆ ಪೆಟ್ಟಿಗೆ ಸರಿಸ್ರೀ" ಅಂದೆ.

"ಅದು ಬಣ್ಣದ ವಿವರ ಅಷ್ಟೇ. ಕಂಪ್ಯೂಟರೇ ಅಲ್ಲಿ ಇಟ್ಟಿರೋದು."

"ಏನಾದ್ರೂ ಆಗಿರ್ಲಿ. ಮುಚ್ಚಿಟ್ಟಿದ್ದನ್ನ ನೋಡ್ದೆ ನಾನು ಯಾರ ಮನೆಯಿಂದ್ಲೂ ಎದ್ದು ಹೋದೋಳಲ್ಲ."

ಬೀದಿಗೆಲ್ಲ ಗೊತ್ತಿರೋ ಸತ್ಯ ಅದು. ಮೇಷ್ಟ್ರು ಗೊಣಗ್ತಾ ಪೆಟ್ಟಿಗೇನ ಹೊರಗೆ ಹಾಕಿದ್ರು. ಕೊನೇ ಕಂಬದ ತಲೆ ಕಾಣಿಸ್ತು. ನಮ್ಮ ಟವರ್‌ಗಿಂತ ಒಂದು ಬೆರಳು ಎತ್ತರ. ಕೆಳಗೆ ಹೆಸರು: "ಮೇಷ್ಟ್ರ ಮನೆ."

ಹದಿಮೂರು ಮನೆಯೋರೂ ಮೇಷ್ಟ್ರ ಕಡೆ ತಿರುಗಿದ್ರು. ಮೇಷ್ಟ್ರ ಟೆರೇಸ್ ಮೇಲೆ ನಲವತ್ತು ಕುಂಡ ಗಿಡ. ದಿನಕ್ಕೆರಡು ಸಲ ಪೈಪ್ ಹಿಡಿಯೋದು ಅವರೇ.

"ಛೆ ಛೆ ಛೆ!" ಅಂತ ಮೇಷ್ಟ್ರು ಕೀಲಿಮಣೆ ಮೇಲೆ ಬಿದ್ರು. "ಈ ಗ್ರಾಫೇ ತಪ್ಪು ಕಣ್ರೀ! ವ್ಯತ್ಯಾಸ ಚೆನ್ನಾಗಿ ಕಾಣ್ಲಿ ಅಂತ ಕೆಳಗಡೆ ನೂರಾ ಹತ್ತರಿಂದ ಶುರು ಮಾಡ್ಬಿಟ್ಟಿದ್ದೆ. ಕಂಬ ಯಾವತ್ತೂ ಸೊನ್ನೆಯಿಂದ ಏಳ್ಬೇಕು. ಇಲ್ದಿದ್ರೆ ಚಿಕ್ಕದ್ದೂ ದೊಡ್ಡದಾಗಿ ಕಾಣುತ್ತೆ. ತಗೊಳ್ಳಿ, ಈಗ ನೋಡಿ!"

ನೋಡಿದ್ವಿ. ಹದಿನಾಲ್ಕು ಮನೆ ಕಂಬಾನೂ ಪರೇಡಿಗೆ ನಿಂತ ಪೊಲೀಸ್ರಂಗೆ ಒಂದೇ ಎತ್ತರ. ಯಾರ ವಾಲ್ವಂತ ಮುಚ್ತಾನೆ? ಸೆಕ್ರೆಟರಿ ತಲೆ ಕೆರ್ಕೊಂಡು "ಎಲ್ಲಾರೂ ಸ್ವಲ್ಪ ನೋಡ್ಕಂಡು ಬಳಸ್ರಪ್ಪ" ಅಂದು ಚಪ್ಪಲಿ ಹುಡುಕೋಕೆ ಹೋದ. ನನ್ನ ಮಗಳ ಹಂಡೆ ಉಳೀತು.

ಆದ್ರೂ ಕೇಳ್ದೆ ಬಿಡ್ತೀನಾ? "ಮೇಷ್ಟ್ರೇ, ನಾನು ಗೋಳಾಡ್ತಾ ಇದ್ದಾಗ ಈ ಸೊನ್ನೆ ಎಲ್ಲಿತ್ತು?"

ಮೇಷ್ಟ್ರು ಟಿವಿ ಆರಿಸೋಕೆ ರಿಮೋಟ್ ಹುಡುಕಿದ್ರು. ಅಡುಗೆಮನೆ ಬಾಗ್ಲಲ್ಲಿ ಕಾಫಿ ಲೋಟ ಹಿಡ್ಕೊಂಡು ನಿಂತಿದ್ದ ಅವರ ಹೆಂಡ್ತಿ ಹೇಳಿದ್ರು. "ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಸೊನ್ನೆ ಹಂಚಿದ್ರಲ್ಲಕ್ಕಾ, ತಮಗೆ ಅಂತ ಒಂದು ಎತ್ತಿಟ್ಕೊಂಡಿದ್ರು. ಇವತ್ತು ತೆಗೆದ್ರು."